ಹರೆಯದಲ್ಲಿ ಕೇಳಿದ ಪಾಪ್, ರಾಕ್ ಹಾಡುಗಳನ್ನು ಮತ್ತೆ ಒಟ್ಟುಮಾಡುವುದು ಹೇಗೆ

ಹೋದ ವರ್ಷ ಅಣ್ಣನ ಮಗಳು ಕೇಳಿದಳು, "ಚಿಕ್ಕಪ್ಪ, ನೀವು ನನ್ನ ವಯಸ್ಸಲ್ಲಿದ್ದಾಗ ಯಾವ ಹಾಡು ಕೇಳ್ತಿದ್ರಿ? ಒಂದು ಪ್ಲೇಲಿಸ್ಟ್ ಮಾಡಿ ಕಳಿಸಿ" ಅಂತ. ಅದೇನು ಮಹಾ ಅಂದುಕೊಂಡು ಅರ್ಧ ಗಂಟೆಯಲ್ಲಿ ಮಾಡಿ ಕಳಿಸಿದೆ. 40 ಹಾಡು, ಎಲ್ಲ ದೊಡ್ಡ ದೊಡ್ಡ ಹೆಸರು. ಮಾರನೇ ದಿನ ನಾನೇ ಅದನ್ನು ಹಾಕಿಕೊಂಡು ಕೂತಾಗ ಗೊತ್ತಾಯಿತು, ಇದು ನನ್ನ ಪಟ್ಟಿಯೇ ಅಲ್ಲ. ಅರ್ಧದಷ್ಟು ಹಾಡುಗಳನ್ನು ನಾನು ಕೇಳಿದ್ದು ಮೂವತ್ತು ದಾಟಿದ ಮೇಲೆ, 'ಇದನ್ನು ಕೇಳದಿದ್ದರೆ ಮರ್ಯಾದೆ ಅಲ್ಲ' ಅಂತ. ಇನ್ನರ್ಧ ನನ್ನವೇ, ಆದರೆ ಏನೋ ಸರಿಯಿಲ್ಲ. ಗಿಟಾರ್ ಬರಬೇಕಾದ ಜಾಗದಲ್ಲಿ ಬರುತ್ತಿಲ್ಲ. ಒಂದು ಹಾಡು ಬೇಗ ಮುಗಿಯುತ್ತದೆ, ಇನ್ನೊಂದರಲ್ಲಿ ಹಾಡುಗಾರನ ದನಿಯೇ ಮುದಿಯಾಗಿದೆ.

ಆ ಪಟ್ಟಿಯನ್ನು ಸರಿ ಮಾಡುವುದಕ್ಕೆ ಮೂರು ತಿಂಗಳು ಹಿಡಿಯಿತು. ಹಾಡು ಸಿಗುವುದು ಈಗ ಕಷ್ಟವೇ ಅಲ್ಲ, ಬೆರಳ ತುದಿಯಲ್ಲಿದೆ. ನಿಮ್ಮ ಕಿವಿಯಲ್ಲಿ ಕೂತಿರುವ ಅದೇ ಹಾಡು, ಅದೇ ರೆಕಾರ್ಡಿಂಗ್ ಸಿಗಬೇಕು, ಅದೇ ಕೆಲಸ. ನಾನು ಮಾಡಿದ ತಪ್ಪುಗಳನ್ನೆಲ್ಲ ನೀವೂ ಮಾಡುವುದು ಬೇಡ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫೋನ್ ಪಕ್ಕಕ್ಕಿಡಿ

ಕಾಗದ, ಪೆನ್ನು ತಗೊಂಡು ಕೂತುಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ. ಸುಮ್ನೆ ಹೇಳುತ್ತಿಲ್ಲ. ಒಂದು ಹಾಡು ಹುಡುಕಿದ ಕೂಡಲೇ ಅದು ಪಕ್ಕದಲ್ಲಿ ಇನ್ನು ಹತ್ತು ತೋರಿಸುತ್ತದೆ, ಎಲ್ಲವೂ ಆ ಕಾಲದವೇ, ಎಲ್ಲವೂ ಎಲ್ಲೋ ಕೇಳಿದವೇ, ನೀವು 'ಹೌದಲ್ವಾ, ಇದೂ ಇತ್ತು' ಅಂತ ಒಂದೊಂದೇ ಸೇರಿಸುತ್ತಾ ಹೋಗುತ್ತೀರಿ. ಕೊನೆಗೆ ಕೈಗೆ ಬರುವುದು ಊರಿನವರೆಲ್ಲರ ಪಟ್ಟಿ.

ಇಸವಿ ಹಿಡಿದು ನೆನಪಿಸಿಕೊಳ್ಳಲು ಹೋಗಬೇಡಿ. '1987ರಲ್ಲಿ ಏನು ಕೇಳ್ತಿದ್ದೆ' ಅಂದರೆ ತಲೆ ಖಾಲಿ. ಅದರ ಬದಲು ಯಾವ ಪೆಟ್ಟಿಗೆಯಲ್ಲಿ ಕೇಳಿದೆ, ಯಾವ ಕೋಣೆಯಲ್ಲಿ, ಯಾರ ಜೊತೆ ಅಂತ ಕೇಳಿಕೊಳ್ಳಿ. ರೇಡಿಯೋದಲ್ಲಿ ಕೇಳಿದ್ದು ಒಂದು ಸಾಲು. ಮನೆಯ ಟೇಪ್ ರೆಕಾರ್ಡರ್‌ನಲ್ಲಿ ಕೇಳಿದ್ದು ಒಂದು ಸಾಲು. ಟಿವಿಯಲ್ಲಿ ವಿಡಿಯೋ ನೋಡಿ ಹುಚ್ಚು ಹಿಡಿಸಿಕೊಂಡದ್ದು ಒಂದು. ಗೆಳೆಯನ ಅಕ್ಕನ ಕೋಣೆಯಿಂದ ಗೋಡೆ ದಾಟಿ ಬರುತ್ತಿದ್ದದ್ದು ಒಂದು. ಹೀಗೆ ಬರೆಯುತ್ತಾ ಹೋದರೆ ಹಾಡುಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ಕ್ಯಾಸೆಟ್ ಕೇಳಿ ಬೆಳೆದವರಿಗೆ ಇದು ಇನ್ನೂ ಸುಲಭ, ಯಾಕೆಂದರೆ ಅದರಲ್ಲಿ ಹಾಡು ಹಾರಿಸುವುದು ಸುಲಭ ಇರಲಿಲ್ಲ. ಒಂದು ಹಾಡು ಮುಗಿಯುತ್ತಿದ್ದಂತೆ ಮುಂದಿನದರ ಮೊದಲ ಸ್ವರ ಇವತ್ತಿಗೂ ತಲೆಯಲ್ಲಿ ತಾನಾಗಿ ಶುರುವಾಗುತ್ತದೆ. ಆ ಜೋಡಿಗಳನ್ನು ಹಾಗೆಯೇ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಷ್ಟು ವಯಸ್ಸಿನಿಂದ ಎಷ್ಟು ವಯಸ್ಸಿನವರೆಗೆ? ನಲವತ್ತು ದಾಟಿದವರ ನೆನಪುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ ನೋಡಿದ ಮನಶ್ಶಾಸ್ತ್ರದವರಿಗೆ ಸುಮಾರು 10ರಿಂದ 30 ವರ್ಷದ ನಡುವಿನವೇ ರಾಶಿ ರಾಶಿ ಸಿಕ್ಕಿವೆ. ಹಾಡಿಗಂತೂ ಹದಿಹರೆಯದ ಕಡೆಗೇ ವಾಲು ಜಾಸ್ತಿ. ನಾನು 12ರಿಂದ 22 ಅಂತ ಬೇಲಿ ಹಾಕಿಕೊಂಡೆ. ಬೇಲಿ ಇಲ್ಲದಿದ್ದರೆ ಹೋದ ವಾರ ಇಷ್ಟವಾದದ್ದೂ ನುಗ್ಗುತ್ತದೆ.

ನನಗೆ ಅತಿ ಹೆಚ್ಚು ಸಹಾಯವಾದದ್ದು ಒಂದು ಹಳೇ ನೋಟ್‌ಬುಕ್. ಮುಂದಿನ ಪುಟಗಳಲ್ಲಿ ರಸಾಯನಶಾಸ್ತ್ರ, ಹಿಂದಿನಿಂದ ತಿರುಗಿಸಿದರೆ ಹಾಡು. ಟೇಪ್ ಹಾಕಿ, ಒಂದು ಸಾಲು ಕೇಳಿ, ನಿಲ್ಲಿಸುವ ಗುಂಡಿ ಒತ್ತಿ, ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಯೋಚಿಸುವಷ್ಟು ಪುರುಸೊತ್ತು ಎಲ್ಲಿ? ಕೇಳಿಸದ ಕಡೆ ಚುಕ್ಕಿ ಚುಕ್ಕಿ ಚುಕ್ಕಿ, ಗಿಟಾರ್ ಬರುವ ಕಡೆ 'ಡ್ರಿಂವ್ ಡ್ರಿಂವ್' ಅಂತ. ಅರ್ಥ ಒಂದು ಸಾಲಿನದ್ದೂ ಆಗಿಲ್ಲ, ಆದರೆ ಈಗ ಓದಿದರೆ ಪೂರ್ತಿ ಹಾಡು ಎದ್ದು ನಿಲ್ಲುತ್ತದೆ. ನಿಮ್ಮ ಹತ್ತಿರ ಅಂಥ ಪುಸ್ತಕ, ಹಳೇ ಡೈರಿ, ಕ್ಯಾಸೆಟ್ ಡಬ್ಬಿಯೊಳಗಿನ ಕಾಗದ ಏನೇ ಇದ್ದರೂ ಮೊದಲು ಅದನ್ನು ಹುಡುಕಿ.

ಇನ್ನು ಸೋಸುವುದು. ಹೀಗೆ ಬರೆದರೆ ನೂರಿಪ್ಪತ್ತು ಹಾಡು ಆಗಿಯೇ ಆಗುತ್ತವೆ. ನನ್ನ ಪರೀಕ್ಷೆ ಸರಳ. ಪಲ್ಲವಿ ಯಾರಿಗಾದರೂ ಗೊತ್ತಿರುತ್ತದೆ, ಅದು ಲೆಕ್ಕಕ್ಕಿಲ್ಲ. ಎರಡನೇ ಪಲ್ಲವಿ ಮುಗಿದ ಮೇಲೆ ಬರುವ ವಾದ್ಯದ ಭಾಗವನ್ನು ಬಾಯಲ್ಲಿ ನುಡಿಸಲು ಬರುತ್ತದಾ? ಬಂದರೆ ಆ ಹಾಡು ನಿಮ್ಮದು. ಬರದಿದ್ದರೆ ಅದು ಪರಿಚಯದ ಹಾಡು, ಅಷ್ಟೇ, ಬಿಟ್ಟುಬಿಡಿ. ಹಾಗೆಯೇ ಇವತ್ತು ಹೇಳಿಕೊಳ್ಳಲು ನಾಚಿಕೆಯಾಗುವ ಹಾಡುಗಳನ್ನು ಹೊಡೆದುಹಾಕಬೇಡಿ. ಕೂದಲು ಗಾಳಿಗೆ ಹಾರಿಸಿಕೊಂಡು, ಕೀಬೋರ್ಡ್ ಹೆಗಲಿಗೆ ನೇತುಹಾಕಿಕೊಂಡು ಹಾಡಿದವರ ಹಾಡೇ ಆಗಿರಲಿ. ಹದಿನಾಲ್ಕನೇ ವಯಸ್ಸಿನಲ್ಲಿ ಅದನ್ನು ಕೇಳಿ ರೋಮಾಂಚನ ಆಗಿತ್ತೋ ಇಲ್ಲವೋ, ಅದಷ್ಟೇ ಪ್ರಶ್ನೆ. ನನ್ನ ಪಟ್ಟಿಯಲ್ಲಿ 'ದಿ ಫೈನಲ್ ಕೌಂಟ್‌ಡೌನ್' ಇದೆ. ಇರಲಿ ಬಿಡಿ.

ಹೆಸರು ಗೊತ್ತಿಲ್ಲದ ಹಾಡು

ಇಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ರಾಗ ಗೊತ್ತು, ಎರಡು ಸಾಲು ಗೊತ್ತು, ಹೆಸರು ಗೊತ್ತಿಲ್ಲ. ಎರಡು ಸಾಲು ಟೈಪ್ ಮಾಡಿದರೆ ಸಿಗುವುದಿಲ್ಲ. ಯಾಕೆ ಅಂದರೆ, ಹೆಚ್ಚಿನ ಸಲ ನಾವು ಕೇಳಿಸಿಕೊಂಡ ಸಾಲೇ ತಪ್ಪಿರುತ್ತದೆ.

ಇದು ಇಂಗ್ಲಿಷ್ ಬಾರದವರ ಸಮಸ್ಯೆ ಅಂದುಕೊಳ್ಳಬೇಡಿ. ಜಿಮಿ ಹೆಂಡ್ರಿಕ್ಸ್ 1967ರ 'ಪರ್ಪಲ್ ಹೇಜ್' ಹಾಡಿನಲ್ಲಿ ಆಕಾಶಕ್ಕೆ ಮುತ್ತು ಕೊಡುತ್ತೇನೆ ('ಕಿಸ್ ದ ಸ್ಕೈ') ಅಂತ ಹಾಡಿದರೆ, ಇಂಗ್ಲಿಷೇ ಮನೆಮಾತಾದವರಿಗೂ ಈ ಗಂಡಸಿಗೆ ಮುತ್ತು ಕೊಡುತ್ತೇನೆ ('ಕಿಸ್ ದಿಸ್ ಗೈ') ಅಂತ ಕೇಳಿಸಿತ್ತು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 'ಬ್ಯಾಡ್ ಮೂನ್ ರೈಸಿಂಗ್' ಇನ್ನೂ ಮಜಾ. ಕೆಟ್ಟ ಚಂದ್ರ ಮೇಲೇಳುತ್ತಿದ್ದಾನೆ ('ಬ್ಯಾಡ್ ಮೂನ್ ಆನ್ ದ ರೈಸ್') ಅನ್ನುವ ಸಾಲು 'ಬಲಗಡೆ ಬಚ್ಚಲುಮನೆ ಇದೆ' ('ಬಾತ್‌ರೂಮ್ ಆನ್ ದ ರೈಟ್') ಅಂತ ಎಷ್ಟು ಜನಕ್ಕೆ ಕೇಳಿಸಿತು ಅಂದರೆ, ಹಾಡು ಬರೆದ ಜಾನ್ ಫೋಗರ್ಟಿಯೇ ವೇದಿಕೆಯ ಮೇಲೆ ಕೆಲವು ಸಲ ಬೇಕೆಂದೇ ಹಾಗೆ ಹಾಡಿಬಿಟ್ಟಿದ್ದಾರೆ. ಹೀಗೆ ತಪ್ಪು ಕೇಳಿದ ಸಾಲಿಗೆ 'ಮಾಂಡಗ್ರೀನ್' ಅಂತ ಒಂದು ಹೆಸರೇ ಇದೆ, 1954ರಿಂದ. ಹಾಗಾಗಿ ಪೂರ್ತಿ ಸಾಲು ಟೈಪ್ ಮಾಡಬೇಡಿ. ಖಂಡಿತ ಗೊತ್ತಿರುವ ಎರಡೇ ಪದ ಹಾಕಿ, ಜೊತೆಗೆ ಎಂಬತ್ತರ ದಶಕ, ಹೆಣ್ಣು ದನಿ, ಸ್ಯಾಕ್ಸೊಫೋನ್ ಅಂತ ಸುತ್ತಲಿನ ವಿವರ ಹಾಕಿ. ಇದರಲ್ಲೇ ನನಗೆ ಆರು ಹಾಡು ಸಿಕ್ಕವು.

ಎರಡನೇ ತೊಡಕು, ಹೆಸರು ಹಾಡಿನೊಳಗೆ ಇರುವುದೇ ಇಲ್ಲ. ಕ್ವೀನ್ ತಂಡದ 'ಬೊಹೀಮಿಯನ್ ರ‍್ಯಾಪ್ಸಡಿ' ಹಾಡಿನಲ್ಲಿ ಆ ಎರಡು ಪದ ಎಲ್ಲಿಯೂ ಬರುವುದಿಲ್ಲ. ನಿರ್ವಾಣ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್', ಡೇವಿಡ್ ಬೋವಿಯ 'ಸ್ಪೇಸ್ ಆಡಿಟಿ' ಕೂಡ ಹಾಗೆಯೇ. ದ ಹೂ ತಂಡದ 'ಬಾಬಾ ಓ'ರೈಲಿ'ಯನ್ನು ಅರ್ಧ ಜಗತ್ತು 'ಟೀನೇಜ್ ವೇಸ್ಟ್‌ಲ್ಯಾಂಡ್' ಅಂತಲೇ ಕರೆಯುತ್ತದೆ. ಬ್ಲರ್ ತಂಡದ ಆ 'ವೂ ಹೂ' ಹಾಡು ಗೊತ್ತಲ್ವಾ, ಎರಡು ನಿಮಿಷದ್ದು? ಅದರ ಹೆಸರು 'ಸಾಂಗ್ 2'. ಇದನ್ನು ಯಾರು ತಾನೇ ಊಹಿಸುತ್ತಾರೆ? ಆದ್ದರಿಂದ ಹೆಸರುಗಳ ಪಟ್ಟಿ ನೋಡುತ್ತಾ 'ಇದಲ್ಲ, ಇದಲ್ಲ' ಅಂತ ಹಾರಿಸಬೇಡಿ. ಅನುಮಾನ ಇದ್ದರೆ ಹತ್ತು ಸೆಕೆಂಡ್ ಹಾಕಿ ಕೇಳಿ.

ಮೂರನೆಯದು ಹಾಡಿದವರು ಯಾರು ಅನ್ನುವುದು. 'ಟೇಂಟೆಡ್ ಲವ್' ಅಂತ ಹುಡುಕಿದರೆ ಸಾಫ್ಟ್ ಸೆಲ್ 1981ರಲ್ಲಿ ಹಾಡಿದ್ದೂ ಬರುತ್ತದೆ, ಅದಕ್ಕೂ ಎಷ್ಟೋ ಮುಂಚೆ ಅರವತ್ತರ ದಶಕದಲ್ಲಿ ಗ್ಲೋರಿಯಾ ಜೋನ್ಸ್ ಹಾಡಿದ್ದೂ ಬರುತ್ತದೆ. 'ಐ ಲವ್ ರಾಕ್ ಎನ್ ರೋಲ್' ಜೋನ್ ಜೆಟ್‌ಗಿಂತ ಮೊದಲು ಆ್ಯರೋಸ್ ತಂಡದ್ದು, 1975ರದ್ದು. 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡನ್ನು ವಿಟ್ನಿ ಹ್ಯೂಸ್ಟನ್ 1992ರಲ್ಲಿ ಎತ್ತಿ ಹಾಡುವ ಮೊದಲೇ ಡಾಲಿ ಪಾರ್ಟನ್ 1974ರಲ್ಲಿ ಮೆಲ್ಲಗೆ ಹಾಡಿ ಆಗಿತ್ತು. ಮೂಲವೇ ದೊಡ್ಡದು ಅಂತ ಯಾರಾದರೂ ಪಾಠ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ. ಇಲ್ಲಿ ನಿಮಗೆ ಬೇಕಾದದ್ದು ಮೂಲ ಅಲ್ಲ, ನೀವು ಕೇಳಿದ್ದು.

ಸಾಲೂ ನೆನಪಿಲ್ಲ, ಬರೀ ರಾಗ ಇದೆ ಅಂದರೆ ಗುನುಗಿ. ಆದರೆ ಎಲ್ಲಿ ಗುನುಗಬೇಕು ಅನ್ನುವುದು ಮುಖ್ಯ. ಶಜಾಮ್ ಅನ್ನುವ ಆ್ಯಪ್‌ಗೆ ಗುನುಗಿದರೆ ಏನೂ ಆಗುವುದಿಲ್ಲ. ಅದು ರೆಕಾರ್ಡಿಂಗ್‌ನ ಬೆರಳಚ್ಚು ಹಿಡಿಯುವ ಯಂತ್ರ. ಯಾವ ಕ್ಷಣದಲ್ಲಿ ಯಾವ ಕಂಪನ ಜೋರಾಗಿದೆ ಅಂತ ಗುರುತು ಹಾಕಿಕೊಂಡು, ಅದೇ ಗುರುತು ತನ್ನ ಸಂಗ್ರಹದಲ್ಲಿ ಎಲ್ಲಿದೆ ಅಂತ ನೋಡುತ್ತದೆ. ಎಲ್ಲೋ ಹಾಡು ಕೇಳಿಸುತ್ತಿದೆ ಅಂದಾಗ ಅದು ಬಂಗಾರ, ನಮ್ಮ ಗಂಟಲಿಗೆ ಅದು ಕಿವುಡು. ಗುನುಗುವುದಕ್ಕೆ ಗೂಗಲ್ 2020ರಲ್ಲಿ ಬೇರೆ ಸೌಲಭ್ಯ ಬಿಟ್ಟಿತು, ಅದು ರಾಗದ ಏರಿಳಿತವನ್ನು ಮಾತ್ರ ಹಿಡಿಯುತ್ತದೆ. ಹತ್ತು ಹದಿನೈದು ಸೆಕೆಂಡ್ ಗುನುಗಬೇಕು, ಪದ ಹಾಕಬೇಡಿ, 'ಲಲಲ' ಸಾಕು. ಪಲ್ಲವಿಯನ್ನು ಗುನುಗಿ, ಗಿಟಾರ್ ತುಂಡನ್ನಲ್ಲ. ಅಲ್ಲೂ ಸಿಗಲಿಲ್ಲ ಅಂದರೆ ಗುನುಗಿದ್ದನ್ನು ರೆಕಾರ್ಡ್ ಮಾಡಿ ಆ ಕಾಲದ ಗೆಳೆಯರಿಗೆ ಕಳಿಸಿ. ಎರಡು ದಿನ ನಗುತ್ತಾರೆ, ಮೂರನೇ ದಿನ ಒಬ್ಬ ಹೆಸರು ಹೇಳುತ್ತಾನೆ.

ಇನ್ನೊಂದು ದಾರಿ ನನಗೆ ಬಹಳ ಇಷ್ಟ. ಸದ್ದು ನೋಡಿ ಕಾಲ ಹೇಳುವುದು. ಡ್ರಮ್ ಹೊಡೆದರೆ ದೊಡ್ಡ ಹಾಲ್‌ನಲ್ಲಿ ಹೊಡೆದಂತೆ 'ಧಮ್' ಅಂದು, ಆ ಪ್ರತಿಧ್ವನಿ ಕತ್ತರಿಸಿದಂತೆ ಗಕ್ಕನೆ ನಿಲ್ಲುತ್ತದಾ? ಹಾಗಿದ್ದರೆ ಅದು 1980ರ ನಂತರದ್ದು. ಪೀಟರ್ ಗೇಬ್ರಿಯಲ್‌ನ ಮೂರನೇ ಆಲ್ಬಂನಲ್ಲಿ ಫಿಲ್ ಕಾಲಿನ್ಸ್ ಡ್ರಮ್ ಬಾರಿಸಿದಾಗ ಶುರುವಾದ ಸದ್ದು ಅದು. 1981ರ 'ಇನ್ ದಿ ಏರ್ ಟುನೈಟ್' ಹಾಡಿನಲ್ಲಿ ಮೂರೂವರೆ ನಿಮಿಷ ದಾಟಿದ ಮೇಲೆ ಒಮ್ಮೆಲೇ ಬೀಳುವ ಡ್ರಮ್ ಕೇಳಿ, ಆಮೇಲೆ ಅದನ್ನು ಎಲ್ಲಿದ್ದರೂ ಗುರುತಿಸುತ್ತೀರಿ. ಗಂಟೆ ಬಾರಿಸಿದಂಥ, ಗಾಜಿನಂಥ ಕೀಬೋರ್ಡ್ ಇದ್ದರೆ 1983ರಲ್ಲಿ ಬಂದ ಯಮಾಹಾ ಡಿಎಕ್ಸ್7ನ ಮೇಲೆ ಅನುಮಾನ ಪಡಿ. ಗಿಟಾರೇ ಬಾಯಿ ತೆರೆದು 'ವಾವ್ ವಾವ್' ಅಂತ ಮಾತಾಡಿದರೆ ಅದು ಟಾಕ್ ಬಾಕ್ಸ್. ಪೀಟರ್ ಫ್ರಾಂಪ್ಟನ್‌ನ 1976ರ ಲೈವ್ ಆಲ್ಬಂನಲ್ಲಿ ಅದಿದೆ, ಬಾನ್ ಜೋವಿ ತಂಡದ 1986ರ 'ಲಿವಿನ್ ಆನ್ ಎ ಪ್ರೇಯರ್'ನ ಶುರುವಿನಲ್ಲೂ ಇದೆ. ದನಿ ಮೆಟ್ಟಿಲು ಮೆಟ್ಟಿಲಾಗಿ ರೋಬೋ ಥರ ಜಿಗಿದರೆ ಹೆಚ್ಚುಕಮ್ಮಿ 1998ರ ಮೇಲಿನದು, ಶೆರ್ ಹಾಡಿದ 'ಬಿಲೀವ್' ಬಂದ ಮೇಲೆ ಎಲ್ಲರೂ ಹಿಂದೆ ಬಿದ್ದರು. ಹೀಗೆ ಮೂರು ನಾಲ್ಕು ವರ್ಷದ ಕಿಟಕಿ ಸಿಕ್ಕರೆ ಆ ಕಾಲದ ವಾರದ ಚಾರ್ಟ್‌ಗಳನ್ನು ತೆಗೆದು ನೋಡಿ. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಆಗಸ್ಟ್ 1958ರಿಂದ ಇದೆ, ಬ್ರಿಟನ್‌ನ ಸಿಂಗಲ್ಸ್ (ಬಿಡಿಯಾಗಿ ಬಿಟ್ಟ ಹಾಡುಗಳ) ಪಟ್ಟಿ 1952ರಿಂದ. ಕಾಗದದ ಪಟ್ಟಿ ಮುಗಿದ ಮೇಲೆ ಮಾತ್ರ ಇದನ್ನು ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಅದೇ ಊರಿನವರ ಪಟ್ಟಿ.

ಅದೇ ಹಾಡಾ, ಅದರ ತಮ್ಮನಾ?

ಇಡೀ ಕೆಲಸದ ಜೀವ ಇಲ್ಲಿದೆ. ಹೆಸರು ಸರಿ, ತಂಡ ಸರಿ, ಆದರೂ ಕೇಳಿದಾಗ ಒಳಗೆ ಏನೂ ಅಲುಗುವುದಿಲ್ಲ. 'ನನಗೇ ವಯಸ್ಸಾಯಿತು' ಅಂತ ನಿಟ್ಟುಸಿರು ಬಿಡುವ ಮೊದಲು ಯಾವ ರೆಕಾರ್ಡಿಂಗ್ ಕೇಳುತ್ತಿದ್ದೀರಿ ಅಂತ ನೋಡಿ.

ಮೊದಲು ಹಾಡಿನ ಉದ್ದ. ಗನ್ಸ್ ಎನ್ ರೋಸಸ್ ತಂಡದ 'ಸ್ವೀಟ್ ಚೈಲ್ಡ್ ಓ ಮೈನ್' ಆಲ್ಬಂನಲ್ಲಿ ಹತ್ತಿರ ಹತ್ತಿರ 6 ನಿಮಿಷ. ರೇಡಿಯೋ, ಟಿವಿಗೆ ಅಂತ ಅದನ್ನು ಕತ್ತರಿಸಿದರು, ಕತ್ತರಿ ಬಿದ್ದದ್ದು ತಂಡದ ಗಿಟಾರಿಸ್ಟ್ ಸ್ಲ್ಯಾಶ್‌ನ ಗಿಟಾರ್‌ಗೆ. ನಾನು ಮೊದಲು ಕೇಳಿದ್ದು ಕ್ಯಾಸೆಟ್‌ನಲ್ಲಿ, ಪೂರ್ತಿ ಹಾಡು. ಪ್ಲೇಲಿಸ್ಟ್‌ಗೆ ಕಣ್ಣುಮುಚ್ಚಿ ಹಾಕಿದ್ದು ಮೋಟು ಹಾಡು. ಗಿಟಾರ್ ಎದ್ದು ಅಳಲು ಶುರು ಮಾಡುವ ಹೊತ್ತಿಗೆ ಸರಿಯಾಗಿ ಪಕ್ಕದವರು ಕರೆಂಟ್ ತೆಗೆದಂತೆ ಆಗುತ್ತಿತ್ತು. ನಿಮಗೆ ಇದು ಉಲ್ಟಾ ಇರಬಹುದು, ಟಿವಿಯಲ್ಲಿ ನೋಡಿ ಬೆಳೆದವರಿಗೆ ಮೋಟು ಹಾಡೇ ಸರಿ, ಉದ್ದದ್ದು ಎಳೆದಂತೆ ಅನ್ನಿಸುತ್ತದೆ. ಡೈರ್ ಸ್ಟ್ರೇಟ್ಸ್‌ನ 'ಮನಿ ಫಾರ್ ನಥಿಂಗ್' ಇನ್ನೂ ಗೋಜಲು. 1985ರ ಆ ಆಲ್ಬಂ ಎಲ್‌ಪಿಯಲ್ಲಿ ಬಂದಾಗ ಜಾಗ ಸಾಲದೆ ಕೆಲವು ಹಾಡು ಮೊಟಕಾದವು, ಸಿಡಿ, ಕ್ಯಾಸೆಟ್‌ನಲ್ಲಿ ಉದ್ದ ಇತ್ತು, ಸಿಂಗಲ್ ಅಂತ ಬಂದದ್ದು ಇನ್ನೂ ಗಿಡ್ಡ. ಒಂದೇ ಹಾಡು, ಮೂರು ಅಳತೆ.

ಇದರ ಇನ್ನೊಂದು ತುದಿಗೆ 12 ಇಂಚಿನ ರೆಕಾರ್ಡ್‌ಗಳಿವೆ, ಕುಣಿಯುವವರಿಗೆ ಅಂತ ಎಳೆದು ಮಾಡಿದವು. ನ್ಯೂ ಆರ್ಡರ್ ತಂಡದ 'ಬ್ಲೂ ಮಂಡೇ' 1983ರಲ್ಲಿ ಹುಟ್ಟಿದ್ದೇ ಹಾಗೆ, ಏಳು ನಿಮಿಷ ದಾಟುತ್ತದೆ. ಅದನ್ನು ನಾಲ್ಕು ನಿಮಿಷಕ್ಕೆ ಇಳಿಸಿದ್ದು ಸಿಕ್ಕರೆ ನಿಮ್ಮದಲ್ಲ.

ಎರಡನೆಯದು, ಅದೇ ಮನುಷ್ಯ ಮತ್ತೆ ಹಾಡಿದ್ದು. 'ಲೈಲಾ' ಅಂದರೆ 1970ರ ಆ ಗಿಟಾರ್ ಗಲಾಟೆಯಾ, ಇಲ್ಲಾ 1992ರಲ್ಲಿ ಎರಿಕ್ ಕ್ಲಾಪ್ಟನ್ ಕೂತುಕೊಂಡು ಮೆತ್ತಗೆ ಹಾಡಿದ್ದಾ? 'ಹೋಟೆಲ್ ಕ್ಯಾಲಿಫೋರ್ನಿಯಾ' ಅಂದರೆ 1976ರ ಸ್ಟುಡಿಯೋ ಹಾಡಾ, ಇಲ್ಲಾ 1994ರಲ್ಲಿ ಈಗಲ್ಸ್ ಮತ್ತೆ ಒಂದಾದಾಗ ಅಕೂಸ್ಟಿಕ್ ಗಿಟಾರ್‌ನಲ್ಲಿ ನುಡಿಸಿದ್ದಾ? ಜನ ಇದರ ಮೇಲೆ ಜಗಳ ಆಡುತ್ತಾರೆ, ಹುಟ್ಟಿದ ಇಸವಿ ಕೇಳಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಆ-ಹಾ ತಂಡದ 'ಟೇಕ್ ಆನ್ ಮಿ' ಕೂಡ ಎರಡು ಸಲ ರೆಕಾರ್ಡ್ ಆದದ್ದು. 1984ರಲ್ಲಿ ಬಂದದ್ದು ಓಡಲಿಲ್ಲ, 1985ರಲ್ಲಿ ಮತ್ತೆ ಮಾಡಿದ್ದು, ಆ ಪೆನ್ಸಿಲ್ ಚಿತ್ರದ ವಿಡಿಯೋ ಜೊತೆ ಬಂದದ್ದು, ನಮಗೆಲ್ಲ ಗೊತ್ತಿರುವುದು.

ಕೆಲವು ಸಲ ತಂಡ ಮತ್ತು ಕಂಪನಿ ನಡುವೆ ಹಕ್ಕಿನ ಜಗಳ ಆಗಿ, ತಂಡದವರು ಹಳೇ ಹಾಡನ್ನು ತಾವೇ ಹೊಸದಾಗಿ, ಸ್ವಲ್ಪವೂ ಬದಲಿಸದೆ ಹಾಡಿಬಿಡುತ್ತಾರೆ. ಡೆಫ್ ಲೆಪರ್ಡ್ 2012ರಲ್ಲಿ ಹಾಗೆ ಮಾಡಿತು, ಮೂಲ ಹಾಡುಗಳು ಡಿಜಿಟಲ್ ಆಗಿ ಸಿಕ್ಕಿದ್ದು 2018ರಲ್ಲಿ. ನಕಲು ಎಷ್ಟು ಚೆನ್ನಾಗಿದ್ದರೂ ಇಪ್ಪತ್ತೈದು ವರ್ಷ ಹಳೆಯದಾದ ಗಂಟಲು ಎತ್ತರದ ಸ್ವರದಲ್ಲಿ ಸಿಕ್ಕಿಬೀಳುತ್ತದೆ. ಹಾಡಿನ ಹೆಸರಿನ ಮುಂದೆ 'ರೀ-ರೆಕಾರ್ಡೆಡ್' ಅಂತಲೋ ಇತ್ತೀಚಿನ ಇಸವಿಯೋ ಕಂಡರೆ ಎಚ್ಚರ. 'ಬೆಸ್ಟ್ ಆಫ್' ಅಂತ ಹೆಸರು, ಮುಖಪುಟದಲ್ಲಿ ತಂಡದ ಫೋಟೋ ಇಲ್ಲದೆ ಬರೀ ಬಣ್ಣ ಅಂದರೆ ಇನ್ನೂ ಎಚ್ಚರ.

'ರೀಮಾಸ್ಟರ್' ಬೇರೆ. ಅದರಲ್ಲಿ ಹಾಡು ಹಳೆಯದೇ, ಸದ್ದಿನ ಹದ ಮಾತ್ರ ಬದಲು. ಕೆಲವು ಚೆನ್ನಾಗಿವೆ. ತೊಂಬತ್ತರ ದಶಕದ ಕೊನೆಯಿಂದ ಎಲ್ಲವನ್ನೂ ಜೋರು ಮಾಡುವ ಹುಚ್ಚು ಬಂತು ನೋಡಿ, ಆಗ ಮಾಡಿದ ಕೆಲವದರಲ್ಲಿ ಮೆಲ್ಲನೆಯ ಜಾಗವೂ ಜೋರು, ಜೋರಿನ ಜಾಗವೂ ಜೋರು. ಹತ್ತು ನಿಮಿಷಕ್ಕೆ ಕಿವಿ ಸುಸ್ತು. ಎರಡೂ ಸಿಗುವಂತಿದ್ದರೆ ವಾಲ್ಯೂಮ್ ಸಮ ಮಾಡಿಕೊಂಡು ಒಂದಾದ ಮೇಲೆ ಒಂದು ಕೇಳಿ, ಡ್ರಮ್ ಏಟು ಯಾವುದರಲ್ಲಿ ಎದೆಗೆ ತಾಗುತ್ತದೋ ಅದು. ಬೀಟಲ್ಸ್ ಕಾಲದವರಿಗೆ ಇದರ ಮೇಲೆ ಮೋನೋ, ಸ್ಟೀರಿಯೋ ಅಂತ ಇನ್ನೊಂದು ತಲೆನೋವಿದೆ. 'ಶೀ ಈಸ್ ಲೀವಿಂಗ್ ಹೋಮ್' ಮೋನೋದಲ್ಲಿ ಸ್ವಲ್ಪ ವೇಗ, ಶ್ರುತಿಯೂ ಮೇಲೆ. 'ಹೆಲ್ಟರ್ ಸ್ಕೆಲ್ಟರ್' ಕೊನೆಗೆ ಬೆರಳಿಗೆ ಬೊಬ್ಬೆ ಬಂತು ಅಂತ ಡ್ರಮ್ ಬಾರಿಸುವ ರಿಂಗೋ ಕೂಗುವುದು ಸ್ಟೀರಿಯೋದಲ್ಲಿ ಮಾತ್ರ ಇದೆ.

ಇನ್ನೂ ಒಂದು ಕಾರಣ ಇರಬಹುದು, ಇದು ತಡವಾಗಿ ಹೊಳೆದದ್ದು. ನನ್ನ ಪಟ್ಟಿಯ ಕೆಲವು ಹಾಡು ಉದ್ದ ಸರಿ, ರೆಕಾರ್ಡಿಂಗ್ ಸರಿ, ಆದರೂ ಎಳೆದಂತೆ, ಬೇಸರದಲ್ಲಿ ಹಾಡಿದಂತೆ ಕೇಳುತ್ತಿತ್ತು. ಕೊನೆಗೆ ಹಳೇ ಟೇಪ್ ರೆಕಾರ್ಡರ್ ಹೊರತೆಗೆದು ಹಾಕಿ ನೋಡಿದೆ. ಅದರ ಮೋಟಾರ್ ಮೊದಲಿನಿಂದಲೂ ಓಡುತ್ತಿದ್ದದ್ದೇ ಜೋರು! ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನೂರಕ್ಕೆ 6ರಷ್ಟು ಜಾಸ್ತಿ ಓಡಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ನಾನು ಹತ್ತು ವರ್ಷ ಕೇಳಿದ್ದು ಅಂಥ ಅವಸರದ ಹಾಡುಗಳನ್ನು. ಅವುಗಳಲ್ಲಿ ಎರಡನ್ನು ಕಂಪ್ಯೂಟರ್‌ನಲ್ಲಿ ಬೇಕೆಂದೇ ನೂರಕ್ಕೆ 4ರಷ್ಟು ಜೋರಾಗಿ ಓಡಿಸಿ ಇಟ್ಟುಕೊಂಡಿದ್ದೇನೆ. ತಪ್ಪು ಅಂತ ಗೊತ್ತು, ಆದರೆ ಅದೇ ನನ್ನ ಹಾಡು.

ಹಳೇ ಕ್ಯಾಸೆಟ್ ಇದ್ದರೆ

ಮನೆಯಲ್ಲಿ ಪೆಟ್ಟಿಗೆ ತುಂಬ ಇದ್ದರೂ ಎಲ್ಲವನ್ನೂ ಉಳಿಸಲು ಹೋಗಬೇಡಿ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ನ ಹಾಡು ಬೇರೆ ಕಡೆ ಇದಕ್ಕಿಂತ ಚೆನ್ನಾಗಿ ಸಿಗುತ್ತದೆ. ಉಳಿಸಬೇಕಾದದ್ದು ನೀವೇ ರೇಡಿಯೋದಿಂದ ತುಂಬಿಸಿದ್ದು, ಗೆಳೆಯರು ತುಂಬಿಸಿ ಕೊಟ್ಟದ್ದು. ಹಾಡಿನ ಮೊದಲ ಸಾಲಿನ ಮೇಲೆ ನಿರೂಪಕರ ಮಾತು ಬಿದ್ದಿರುತ್ತದಲ್ಲ, ಅಂಥವು.

ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಟೇಪ್‌ನ ಹಿಂದೆ ಒಂದು ಸಣ್ಣ ಸ್ಪಂಜೋ ಉಣ್ಣೆಯೋ ಇರುವ ತಗಡಿನ ಪಟ್ಟಿ ಇರುತ್ತದೆ, ಟೇಪನ್ನು ಹೆಡ್‌ಗೆ, ಅಂದರೆ ಟೇಪ್ ಓದುವ ತುಂಡಿಗೆ, ಒತ್ತುವುದು ಅದು. ಹಳೆಯದರಲ್ಲಿ ಅಂಟು ಬಿಟ್ಟು ಅದು ಉದುರಿಹೋಗಿರುತ್ತದೆ, ಹಾಗಿದ್ದರೆ ದನಿ ಗವಿಯೊಳಗಿಂದ ಬಂದಂತೆ ಇರುತ್ತದೆ. ಬಿಳಿ ಹುಡಿಯಂತೆ ಬೂಷ್ಟು ಕಂಡರೆ ಮೆಷಿನ್‌ಗೆ ಹಾಕಲೇಬೇಡಿ, ಅದು ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಮೇಲಿನ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಇನ್ನೂ ಇದ್ದರೆ ಮುರಿದುಬಿಡಿ, ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಬಿಗಿ ಮಾಡಿ, ಅದು ಹೇಗೆ ಅಂತ ಈ ವಯಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ. ಆಮೇಲೆ ಪ್ಲೇ ಮಾಡದೆ ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಸುತ್ತಿಕೊಂಡು ಕೂತ ಟೇಪ್ ಒಂದಕ್ಕೊಂದು ಅಂಟಿರುತ್ತದೆ, ಓಡಿಸಿದರೆ ಬಿಡಿಸಿಕೊಳ್ಳುತ್ತದೆ.

ಹೆಡ್ ಮತ್ತು ರಬ್ಬರ್ ಚಕ್ರ ಒರೆಸಬೇಕು. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹೆಡ್ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ರಬ್ಬರ್ ಚಕ್ರಕ್ಕೆ ಒದ್ದೆ ಬಟ್ಟೆ ಸಾಕು. ಆಮೇಲೆ ಟೇಪ್ ರೆಕಾರ್ಡರ್‌ನ ಹೆಡ್‌ಫೋನ್ ಅಥವಾ ಲೈನ್ ಔಟ್ ತೂತಿನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ಒಂದು ವೈರ್, ಆ ತೂತು ಇಲ್ಲದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್. ಆಡಾಸಿಟಿ ಅನ್ನುವ ತಂತ್ರಾಂಶ ಉಚಿತ, ಅದು ಸಾಕು. 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ. ಹಾಡಿನ ಅತಿ ಜೋರಿನ ಜಾಗ ಮೀಟರ್‌ನಲ್ಲಿ ಮೈನಸ್ 6 ಡೆಸಿಬೆಲ್ ಹತ್ತಿರ ಬರುವಂತೆ ವಾಲ್ಯೂಮ್ ಇಡಿ, ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿ ಮಾಡಲು ಬರುವುದಿಲ್ಲ. ಸಿ-90 ಕ್ಯಾಸೆಟ್‌ನ ಒಂದು ಬದಿ 45 ನಿಮಿಷ, ಡಬ್ಲ್ಯುಎವಿ ಕಡತವಾಗಿ ಸುಮಾರು 480 ಎಂಬಿ ಆಗುತ್ತದೆ. ಅದನ್ನು ಎಫ್‌ಎಲ್‌ಎಸಿ ಮಾಡಿಟ್ಟರೆ ಗುಣ ಕೆಡದೆ ಜಾಗ ಉಳಿಯುತ್ತದೆ, ಫೋನ್‌ಗೆ ಬೇಕಾದರೆ ಎಂಪಿ3 ಬೇರೆ ಮಾಡಿಕೊಳ್ಳಿ.

'ಸ್ಸ್' ಅನ್ನುವ ಟೇಪ್ ಸದ್ದನ್ನು ತೆಗೆಯುವ ಗುಂಡಿ ಅದರಲ್ಲಿದೆ. ಒತ್ತಬಹುದು. ಆದರೆ ಜಾಸ್ತಿ ತೆಗೆದರೆ ದನಿ ನೀರಿನೊಳಗಿಂದ ಬಂದಂತೆ ಆಗುತ್ತದೆ, ನಾನಂತೂ ಮುಟ್ಟಲಿಲ್ಲ. ನಿರೂಪಕರ ಮಾತನ್ನೂ ಕತ್ತರಿಸಬೇಡಿ.

ಜೋಡಿಸುವುದು

ಇಪ್ಪತ್ತರಿಂದ ಇಪ್ಪತ್ತೈದು ಹಾಡು ಸಾಕು, ಒಂದು ಸಿ-90ರಲ್ಲಿ ಹಿಡಿಸುವಷ್ಟು. ನೂರು ಹಾಡಿನ ಪಟ್ಟಿ ಗೋದಾಮು ಆಗುತ್ತದೆ, ಯಾರೂ ಕೊನೆ ಮುಟ್ಟುವುದಿಲ್ಲ. 45 ನಿಮಿಷಕ್ಕೆ ಒಂದು ಬದಿ ಅಂತ ಎರಡು ಭಾಗ ಮಾಡಿ, ಎರಡೂ ಭಾಗಕ್ಕೆ ಒಂದೊಂದು ಗಟ್ಟಿ ಶುರು ಬೇಕು. ಎಲ್ಲಕ್ಕಿಂತ ದೊಡ್ಡ ಹಾಡನ್ನು ಮೊದಲೇ ಇಡಬೇಡಿ, ಮೂರನೆಯದಾಗಿ ಬರಲಿ. ಮೆಲ್ಲಗೆ ಕರಗಿ ಮುಗಿಯುವ ಹಾಡಿನ ಬೆನ್ನಿಗೆ ಡ್ರಮ್‌ನಿಂದ ಶುರುವಾಗುವುದು ಬಂದರೆ ಚೆನ್ನ, ಕರಗುವ ಎರಡು ಹಾಡು ಬೆನ್ನಿಗೆ ಬೆನ್ನು ಬಂದರೆ ನಿದ್ದೆ. ಮೊದಲು ಬರೆದಿಟ್ಟುಕೊಂಡ ಜೋಡಿಗಳಿವೆಯಲ್ಲ, ಅವನ್ನು ಮಾತ್ರ ಮುರಿಯಬೇಡಿ. ಇದರ ಮುಂದೆ ಉಳಿದ ನಿಯಮ ಯಾವುದೂ ದೊಡ್ಡದಲ್ಲ. ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ, ಪಟ್ಟಿ ಮುಗಿದ ಮೇಲೆ ತಾನಾಗಿ ಇನ್ನಷ್ಟು ನುಡಿಸುವುದನ್ನೂ ಆಫ್ ಮಾಡಿ.

ಒಂದು ಎಚ್ಚರಿಕೆ. ಸಿಕ್ಕ ಖುಷಿಗೆ ದಿನಾ ಕೇಳಬೇಡಿ. ನಾನು ಒಂದು ಹಾಡನ್ನು ತಿಂಗಳಿಡೀ ಕಾರಿನಲ್ಲಿ ಹಾಕಿ ಹಾಕಿ, ಈಗ ಅದು ಶುರುವಾದರೆ ಹಳೇ ಕೋಣೆ ಬರುವುದಿಲ್ಲ, ಟ್ರಾಫಿಕ್ ಸಿಗ್ನಲ್ ಬರುತ್ತದೆ.

ಪ್ರತಿ ಹಾಡಿಗೂ ಒಂದೆರಡು ಸಾಲು ಬರೆದಿಡಿ: ಯಾರು ಕೇಳಿಸಿದ್ದು, ಯಾವ ರೆಕಾರ್ಡಿಂಗ್, ಎಷ್ಟು ಉದ್ದ. ಆ್ಯಪ್‌ಗಳಿಂದ ಹಾಡು ಹೇಳದೆ ಕೇಳದೆ ಮಾಯವಾಗುತ್ತವೆ, ಆಗ ಇದೇ ಕಾಗದ ನೋಡಿ ಮತ್ತೆ ಹುಡುಕಬೇಕು.

ಅಣ್ಣನ ಮಗಳಿಗೆ ಹೊಸ ಪಟ್ಟಿ ಕಳಿಸಿದೆ, 23 ಹಾಡು. "ಇದರಲ್ಲಿ ಮೂರು ನಂಗೆ ಮೊದಲೇ ಗೊತ್ತು, ಎರಡು ತುಂಬಾ ಕೆಟ್ಟದಾಗಿವೆ" ಅಂದಳು. ಯಾವ ಎರಡು ಅಂತ ನಾನು ಕೇಳಲಿಲ್ಲ. 24ನೆಯದು ಇನ್ನೂ ಸಿಕ್ಕಿಲ್ಲ. ಹೆಣ್ಣು ದನಿ, ಗಾಜಿನಂಥ ಕೀಬೋರ್ಡ್, ಎರಡನೇ ಪಲ್ಲವಿ ಆದ ಮೇಲೆ ಸ್ಯಾಕ್ಸೊಫೋನ್, ನೋಟ್‌ಬುಕ್‌ನಲ್ಲಿ ಬರೀ ಚುಕ್ಕಿ ಚುಕ್ಕಿ ಚುಕ್ಕಿ ಹಾಕಿ ಕೊನೆಗೆ 'ಟುನೈಟ್' ಅಂತ ಬರೆದಿದ್ದೇನೆ. ಎಂಬತ್ತರ ದಶಕದಲ್ಲಿ 'ಟುನೈಟ್' ಅಂತ ಮುಗಿಯುವ ಹಾಡು ಎಷ್ಟಿವೆ ಅಂತ ಮಾತ್ರ ಕೇಳಬೇಡಿ.